ಕೋಲಾರದ ಚಿನ್ನ, ಬಳ್ಳಾರಿಯ ಅದಿರು ಮತ್ತು ನಮ್ಮ ಮಾವನ ಟಿಪ್ಪರ್

ಮೊನ್ನೆ ಗುರುವಾರ ಇಲ್ಲಿ ಶಿರೂರಿನಲ್ಲಿ ಕರೆಂಟು ಹೋಗಿ, ಲ್ಯಾಪ್‌ಟಾಪ್ ಮುಚ್ಚಿಟ್ಟು ಕೂತಿದ್ದಾಗ ಹೊಳೆದ ವಿಷಯ ಇದು. ನೆಲದಡಿ ಸಂಪತ್ತಿದ್ದರೆ ನಾಡು ತಾನಾಗಿಯೇ ಉದ್ಧಾರ ಆಗುತ್ತೆ ಅಂದ್ಕೋತೀವಿ ಅಲ್ವಾ? ಕೋಲಾರ, ಬಳ್ಳಾರಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಕೋಲಾರದಲ್ಲಿ 1880ರಿಂದ ಗಣಿ ನಡೆಸಿದ್ದು ಜಾನ್ ಟೇಲರ್ ಅವರ ಬ್ರಿಟಿಷ್ ಸಂಸ್ಥೆ. ಲಾಭ ಲಂಡನ್ನಿಗೆ ಹೋಯ್ತು, ನಿಜ. ಆದರೆ ಬ್ರಿಟಿಷರಿಗೆ ವರ್ಷಾವರ್ಷ ಕಪ್ಪ ಕಟ್ಟಬೇಕಿದ್ದ ಮೈಸೂರು ಸಂಸ್ಥಾನ ಬರೀ ರಾಯಧನ ಎಣಿಸುತ್ತ ಕೂರಲಿಲ್ಲ. ಗಣಿಯ ಯಂತ್ರಗಳಿಗೆ ಶಕ್ತಿ ಬೇಕು ಅನ್ನೋದನ್ನು ಹಿಡಿದುಕೊಂಡು, ದಿವಾನ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಸರ್ಕಾರವೇ ಶಿವನಸಮುದ್ರದಲ್ಲಿ ವಿದ್ಯುತ್ ಕೇಂದ್ರಕ್ಕೆ ಕೈಹಾಕಿತು. 1902ರಲ್ಲಿ ಸುಮಾರು 147 ಕಿ.ಮೀ. ತಂತಿ ಎಳೆದು ಗಣಿಗೆ ಕರೆಂಟು ಮಾರಿತು. 1905ರಲ್ಲಿ ಅದೇ ಕರೆಂಟು ಬೆಂಗಳೂರಿನ ಬೀದಿದೀಪಕ್ಕೂ ಬಂತು. 2001ರಲ್ಲಿ ಗಣಿ ಮುಚ್ಚಿತು, ವಿದ್ಯುತ್ ಕೇಂದ್ರ ಉಳೀತು.

ಹಾಗಂತ ರಾಜರ ಆಳ್ವಿಕೆಯೇ ವಾಸಿ ಅನ್ಬೇಡಿ. ಆಳಕ್ಕಿಳಿದ ಕೂಲಿಗಳು ಇಕ್ಕಟ್ಟಿನ ಲೈನ್ ಮನೆಗಳಲ್ಲೇ ಸವೆದರು, ಅವರ ಮಾತು ಕೇಳೋರು ಇರಲಿಲ್ಲ. ಅತ್ತ ಆಫ್ರಿಕಾದ ಬೋಟ್ಸ್ವಾನಾ ಚುನಾವಣೆ ನಡೆಸಿಕೊಂಡೇ ವಜ್ರದ ದುಡ್ಡಲ್ಲಿ ಶಾಲೆ, ರಸ್ತೆ ಕಟ್ಟಿತು.

ಇನ್ನು ಬಳ್ಳಾರಿ. ನಾನು ಸಂಡೂರಿನವನು, ಹೊಟ್ಟೆಯುರಿ ಸ್ವಲ್ಪ ಜಾಸ್ತಿಯೇ. ಚೀನಾದ ಬೇಡಿಕೆಯಿಂದ ಅದಿರಿನ ಟನ್ನಿಗೆ ಸಾವಿರಗಟ್ಟಲೆ ರೂಪಾಯಿ ಬೆಲೆ ಬಂದಾಗಲೂ, 2009ರವರೆಗೆ ದೆಹಲಿ ಗೊತ್ತುಮಾಡಿದ್ದ ರಾಯಧನ ಹೆಚ್ಚೆಂದರೆ 27 ರೂಪಾಯಿ! ನಡುವಿನ ದುಡ್ಡು ಗುತ್ತಿಗೆ, ಪರ್ಮಿಟ್ಟು ಕೈಯಲ್ಲಿದ್ದವರಿಗೆ. ಆಮೇಲೆ ಅದೇ ದುಡ್ಡು ಚುನಾವಣೆಗೆ ಇಳಿಯಿತು. 2008ರಲ್ಲಿ ಗಣಿ ಧಣಿಗಳೇ ಮಂತ್ರಿಗಳಾದರು. ಕಾವಲು ಕಾಯಬೇಕಾದವರಿಗೇ ಗಣಿಯ ಹಂಗು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ವರದಿ 2006ರಿಂದ 2010ರವರೆಗಿನ ನಷ್ಟವನ್ನು 16,085 ಕೋಟಿ ಅಂತ ಲೆಕ್ಕಹಾಕಿತು. ಆ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು.

ನಿಲ್ಲಿಸಿದ್ದು ಸರಿಯೇ. ಆದರೆ ನಮ್ಮ ಸೋದರಮಾವ 2009ರಲ್ಲಿ ಸಾಲ ಮಾಡಿ ಟಿಪ್ಪರ್ ಕೊಂಡಿದ್ರು. ಕಂತು ಕಟ್ಟಲಾಗದೆ ಗಾಡಿ ಫೈನಾನ್ಸಿನವರ ಪಾಲಾಯ್ತು. ಈಗ ಇಲ್ಲೇ ರಾಂಜಣಗಾವ್ ಎಂಐಡಿಸಿಯಲ್ಲಿ ಬೇರೆಯವರ ಟ್ರಕ್ ಓಡಿಸ್ತಾರೆ. ಈ ಮಾತು ರೆಕಾರ್ಡ್ ಮಾಡೋ ಮೊದಲು ಅವರಿಗೆ ಓದಿ ಹೇಳಿದೆ. ಕೇಳಿಸಿಕೊಂಡು, "ಇಪ್ಪತ್ತೇಳು ರೂಪಾಯಿನಾ? ನಮಗೆ ಒಂದು ಟ್ರಿಪ್ಪಿಗೆ ಚಹಾಕ್ಕೇ ಅಷ್ಟು ಆಗ್ತಿತ್ತಲ್ಲೋ" ಅಂದ್ರು.