ಮೋಟಾರು ಬಿಡಿಭಾಗಗಳ ವ್ಯಾಪಾರ: ಕಲಬುರಗಿ–ಕಮಲಾಪುರಗಳನ್ನು ಕುರಿತು ಒಂದು ವಿಚಾರ

ಕಾರು, ಲಾರಿ, ಟ್ರ್ಯಾಕ್ಟರುಗಳ ಬಿಡಿಭಾಗಗಳನ್ನು ಊರಿನ ಅಂಗಡಿಯಲ್ಲಿ ಕೊಳ್ಳುವುದು ಹಳೆಯ ಪದ್ಧತಿ, ಅಂತರ್ಜಾಲದ ಮೂಲಕ ದೂರದಿಂದ ತರಿಸಿಕೊಳ್ಳುವುದು ಹೊಸ ಪದ್ಧತಿ ಎಂದು ಸಾಮಾನ್ಯವಾಗಿ ಎಲ್ಲರೂ ಭಾವಿಸುತ್ತಾರೆ. ಹಳೆಯದನ್ನು ಹೊಸದು ನುಂಗುತ್ತಿದೆಯೆಂದು ಕೆಲವರು ಮರುಗುತ್ತಾರೆ, ಕೆಲವರು ಹಿಗ್ಗುತ್ತಾರೆ. ಕಲಬುರಗಿ ಪ್ರದೇಶದ ಮಟ್ಟಿಗಾದರೂ ಈ ಭಾವನೆ ಚರಿತ್ರೆಯ ಪರಿಶೀಲನೆಗೆ ನಿಲ್ಲಲಾರದೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ಇಲ್ಲಿ ಮೊದಲು ಬಂದುದು ದೂರದ ವ್ಯಾಪಾರ. ಅಂಗಡಿ ಬಂದುದು ಅನಂತರ. ಆ ಅಂಗಡಿಯ ಏಳ್ಗೆಗೆ ಕಾರಣವಾದ ಸನ್ನಿವೇಶವಾದರೋ ನಾಲ್ಕು ದಶಕಗಳಿಗಿಂತ ಹೆಚ್ಚು ಕಾಲ ಬಾಳಲಿಲ್ಲ.

2014ರ ನವೆಂಬರ್ 1ರವರೆಗೆ ಸರ್ಕಾರಿ ದಾಖಲೆಗಳಲ್ಲಿ ಗುಲ್ಬರ್ಗಾ ಎಂದಿದ್ದ ಕಲಬುರಗಿಯು 1948ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಒಳಪಟ್ಟಿದ್ದಿತು. ಆದರೆ ಊರಿಗೆ ಬಂದ ರೈಲುಹಾದಿ ನಿಜಾಮರದಲ್ಲ. ಮುಂಬಯಿಯಿಂದ ಹೊರಟು ಸೊಲ್ಲಾಪುರ, ಕಲಬುರಗಿ, ವಾಡಿಗಳನ್ನು ಹಾದು 1871ರಲ್ಲಿ ರಾಯಚೂರನ್ನು ಮುಟ್ಟಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯದು ಅದು. ಹೈದರಾಬಾದಿನ ಹಾದಿ ವಾಡಿಯಲ್ಲಿ ಕವಲೊಡೆಯುತ್ತಿದ್ದಿತು. ಹೀಗಾಗಿ ಆಡಳಿತದಲ್ಲಿ ಪೂರ್ವಕ್ಕೆ ಮುಖ ಮಾಡಿದ್ದ ಊರು ವ್ಯಾಪಾರದಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ್ದಿತು. ಮೋಟಾರು ವಾಹನವೂ ಅದರ ಬಿಡಿಭಾಗಗಳೂ ಮುಂಬಯಿಯ ಬಂದರಿನಲ್ಲಿ ಇಳಿಯುತ್ತಿದ್ದ ಕಾಲದಲ್ಲಿ, 1928ರಿಂದ ಜನರಲ್ ಮೋಟಾರ್ಸ್ ಕಂಪನಿ ಆ ನಗರದಲ್ಲಿಯೇ ಗಾಡಿಗಳನ್ನು ಜೋಡಿಸಲು ತೊಡಗಿದ ಕಾಲದಲ್ಲಿ, ಈ ಸಂಗತಿ ಅಲ್ಪವಾದುದಲ್ಲ.

ದೂರದಿಂದ ತರಿಸುವ ಈ ವ್ಯಾಪಾರಕ್ಕೆ ತೊಡಕುಗಳೂ ಇದ್ದವು. ಸಂಸ್ಥಾನದಲ್ಲಿ ಚಲಾವಣೆಯಲ್ಲಿದ್ದುದು ಹಾಲಿ ಸಿಕ್ಕಾ. ಮುಂಬಯಿಯ ವ್ಯಾಪಾರಿ ಕೇಳುತ್ತಿದ್ದುದು ಕಲ್ದಾರ್ ರೂಪಾಯಿ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ಎಂಬುದು ರೂಢಿಯ ವಿನಿಮಯ ದರ. ಮುಂಬಯಿಯಲ್ಲಿ ಆರು ರೂಪಾಯಿ ಬೆಲೆಯ ಒಂದು ಬಿಡಿಭಾಗಕ್ಕೆ ಇಲ್ಲಿಯ ಗಾಡಿಯ ಯಜಮಾನನು ಏಳು ರೂಪಾಯಿ ಎಣಿಸಬೇಕು. ಅದರ ಮೇಲೆ ರೈಲಿನ ಕೂಲಿ, ಸಂಸ್ಥಾನದ ಎಲ್ಲೆಯೊಳಗೆ ಬಂದ ಸರಕಿನ ಮೇಲೆ ಕರೋಡಗಿರಿ ಇಲಾಖೆಯ ಸುಂಕ. ವಸ್ತು ಕೈಗೆ ಬಂದ ಮೇಲೆ ಹಣ ತೆರುವ ವ್ಯಾಲ್ಯೂ ಪೇಯಬಲ್ ಅಂಚೆ (ಜನರ ಬಾಯಲ್ಲಿ ‘ವಿ.ಪಿ.’) ಭಾರತದಲ್ಲಿ 1877ರಲ್ಲಿಯೇ ಆರಂಭವಾಗಿದ್ದಿತು. ಮುಖ ಕಾಣದ ವ್ಯಾಪಾರಿಯನ್ನು ಹೇಗೆ ನಂಬುವುದೆಂಬ ಪ್ರಶ್ನೆಗೆ ಆ ಕಾಲ ಕಂಡುಕೊಂಡ ಉತ್ತರ ಅದು. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಸಂಸ್ಥೆಯು 2010ರಲ್ಲಿ ‘ಕ್ಯಾಶ್ ಆನ್ ಡೆಲಿವರಿ’ ಎಂಬ ಹೆಸರಿನಿಂದ ಜಾರಿಗೆ ತಂದುದು ಬಹುಮಟ್ಟಿಗೆ ಇದೇ ಏರ್ಪಾಡು.

ಇದು ನಮ್ಮ ನಾಡಿನ ವಿಶೇಷವೆಂದು ತಿಳಿಯಬೇಕಾಗಿಲ್ಲ. ಅಮೆರಿಕೆಯ ಕಾನ್ಸಸ್ ಸಿಟಿಯಲ್ಲಿ 1909ರಲ್ಲಿ ಜಾರ್ಜ್ ಪೆಪ್ಪರ್ಡೈನ್ ಎಂಬಾತನು ವೆಸ್ಟರ್ನ್ ಆಟೊ ಎಂಬ ಸಂಸ್ಥೆಯನ್ನು ತೆರೆದುದು ಫೋರ್ಡ್ ಕಾರಿನ ಸಾಮಾನುಗಳನ್ನು ಅಂಚೆಯ ಮೂಲಕ ಮಾರುವುದಕ್ಕಾಗಿ. ಬೀದಿಯ ಅಂಗಡಿಗಳನ್ನು ಆ ಸಂಸ್ಥೆ ತೆರೆದುದು ಬಳಿಕ. ಒಂದೇ ಅಚ್ಚಿನಲ್ಲಿ ತಯಾರಾದ ಗಾಡಿ, ಪ್ರತಿಯೊಂದು ಭಾಗಕ್ಕೂ ಒಂದು ಸಂಖ್ಯೆ, ಆ ಸಂಖ್ಯೆಗಳ ಒಂದು ಮುದ್ರಿತ ಪಟ್ಟಿ, ಈ ಮೂರು ಇದ್ದಲ್ಲಿ ಮಾರುವವನು ಕೊಳ್ಳುವವನ ಎದುರಿಗೆ ಇರಲೇಬೇಕೆಂಬುದಿಲ್ಲ.

ಕಲಬುರಗಿ ಸೀಮೆಯಲ್ಲಿ ಮೋಟಾರು ಸಂಚಾರ ವ್ಯಾಪಕವಾಗಲು ಬಸ್ಸುಗಳು ಕಾರಣವಾದವು. ನಿಜಾಮರ ರೈಲ್ವೆಯ ಅಂಗವಾಗಿ 1932ರ ಜೂನ್ ತಿಂಗಳಲ್ಲಿ 27 ಬಸ್ಸುಗಳು ಮತ್ತು 166 ನೌಕರರೊಡನೆ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. ಅದರ ಹಳೆಯ ಬಸ್ಸುಗಳು ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯವು. ಇಲಾಖೆ ತನಗೆ ಬೇಕಾದುದನ್ನು ತಾನೇ ನೇರವಾಗಿ ತರಿಸಿಕೊಳ್ಳುವ ಶಕ್ತಿಯುಳ್ಳದ್ದು. ಊರಿನ ಅಂಗಡಿಯ ಹಂಗು ಅದಕ್ಕೆ ಇರಲಿಲ್ಲ. ಆದರೆ ಗಾಡಿ ಬಿಚ್ಚಿ ಕೂಡಿಸಬಲ್ಲ ಮಿಸ್ತ್ರಿಗಳ ಒಂದು ವರ್ಗವನ್ನು ಬೆಳೆಸಿದ್ದರಲ್ಲಿ ಇಂತಹ ಡಿಪೋಗಳ ಪಾಲು ದೊಡ್ಡದೆಂದು ನನ್ನ ಅಭಿಪ್ರಾಯ.

ಅಂಗಡಿಯ ಕಾಲ ಆರಂಭವಾದುದು ಸ್ವಾತಂತ್ರ್ಯಾನಂತರದ ಕೈಗಾರಿಕಾ ನೀತಿಯಿಂದ. 1949ರಲ್ಲಿ ಸಿದ್ಧ ವಾಹನಗಳ ಆಮದನ್ನು ತಡೆಯಲಾಯಿತು. 1953ರಲ್ಲಿ ಸುಂಕ ಆಯೋಗದ ಸಲಹೆಯಂತೆ, ಬರಿಯ ಜೋಡಣೆ ಮಾಡುವ ಕಂಪನಿಗಳು ಇಲ್ಲಿಯೇ ತಯಾರಿಸಬೇಕು, ಇಲ್ಲವಾದರೆ ಹೊರಡಬೇಕು ಎಂದಾಯಿತು. ಜನರಲ್ ಮೋಟಾರ್ಸ್, ಫೋರ್ಡ್ ಕಂಪನಿಗಳು ಹೊರಟುಹೋದವು. ಉಳಿದ ತಯಾರಕರು ಬೆರಳೆಣಿಕೆಯಷ್ಟು. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ತೆರೆದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪುಗಳು ‘ಮೈಕೋ’ ಎಂಬ ಎರಡಕ್ಷರದ ಹೆಸರಿನಿಂದ ಹಳ್ಳಿಯ ಮಿಸ್ತ್ರಿಗೂ ಪರಿಚಿತವಾದವು. 1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿತು. ಆಡಳಿತದ ದಿಕ್ಕು ಬೆಂಗಳೂರಿಗೆ ತಿರುಗಿದರೂ ಸರಕಿನ ದಿಕ್ಕು ಅಷ್ಟು ಬೇಗ ತಿರುಗಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ ಸುಮಾರು ಆರುನೂರು ಕಿಲೋಮೀಟರು ದೂರ. ಸೊಲ್ಲಾಪುರವಾಗಲಿ ಸಿಕಂದರಾಬಾದಿನ ರಾಣಿಗಂಜ್ ಆಗಲಿ ಅದಕ್ಕಿಂತ ಎಷ್ಟೋ ಸಮೀಪ.

ಸಣ್ಣ ಊರಿನ ಅಂಗಡಿಗೆ ಇದರಿಂದ ಒದಗಿದ ಅನುಕೂಲವೇನು? 1950ರ ದಶಕದ ಕೊನೆಯಲ್ಲಿ ಬಂದ ಅಂಬಾಸಡರ್ ಕಾರು ಅಲ್ಪಸ್ವಲ್ಪ ಬದಲಾವಣೆಗಳೊಡನೆ 2014ರವರೆಗೆ ತಯಾರಾಯಿತು. ಫಿಯೆಟ್, ಮಹೀಂದ್ರ ಜೀಪು, ಟಾಟಾ ಲಾರಿಗಳ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ನಾಲ್ಕಾರು ಬಗೆಯ ಗಾಡಿಗಳ ಸಾಮಾನುಗಳನ್ನು ಒಂದು ಕೋಣೆಯಲ್ಲಿ ತುಂಬಿಡಬಹುದು. ಹತ್ತು ವರ್ಷ ಮಾರಾಟವಾಗದೆ ಉಳಿದರೂ ಹನ್ನೊಂದನೆಯ ವರ್ಷ ಅದಕ್ಕೆ ಗಿರಾಕಿ ಬರುವುದು ನಿಶ್ಚಯ. ಎಲ್ಲ ಬಿಡಿಭಾಗಗಳನ್ನೂ ಒಬ್ಬ ಮನುಷ್ಯನ ನೆನಪಿನಲ್ಲಿ ಇಡಬಹುದಾಗಿದ್ದಿತು. ಅಂಗಡಿಕಾರನ ನೆನಪೇ ಆಗ ಕ್ಯಾಟಲಾಗು.

ಈ ವ್ಯಾಪಾರದ ಜೀವಾಳ ‘ನಮೂನೆ’. ಮಿಸ್ತ್ರಿ ಗಾಡಿಯಿಂದ ಸವೆದ ಭಾಗವನ್ನು ಬಿಚ್ಚಿ, ಹಳೆಯ ಕಾಗದದಲ್ಲಿ ಸುತ್ತಿ ಕೊಡುತ್ತಾನೆ. ಗಾಡಿಯವನು ಅದನ್ನು ಹಿಡಿದು ಅಂಗಡಿಗೆ ಹೋಗುತ್ತಾನೆ. ಅಂಗಡಿಯವರು ಎಣ್ಣೆ ಮೆತ್ತಿದ ಆ ವಸ್ತುವನ್ನು ತಿರುಗಿಸಿ ನೋಡಿ ಒಳಗಿನಿಂದ ಅದರ ಜೊತೆಯನ್ನು ತಂದು ಪಕ್ಕದಲ್ಲಿಡುತ್ತಾರೆ. ಆಮೇಲಿನ ಪ್ರಶ್ನೆ: ಕಂಪನಿಯದೋ, ಲೋಕಲ್ಲೋ? ಮೂರನೆಯದಾದ ‘ಡುಪ್ಲಿಕೇಟ್’ ಎಂಬ ಪದವನ್ನು ಯಾರೂ ತಮ್ಮ ಸರಕಿಗೆ ಬಳಸುವುದಿಲ್ಲ, ಪಕ್ಕದ ಅಂಗಡಿಯ ಸರಕಿಗೆ ಬಳಸುತ್ತಾರೆ. ಹಣದ ಮಾತು ಬಂದಾಗ ಉದ್ರಿ. ತೊಗರಿಯ ಹಣ ಕೈಗೆ ಬಂದ ಮೇಲೆ ತೀರಿಸುವ ಟ್ರ್ಯಾಕ್ಟರಿನ ರೈತನಿಗೂ ವಾರಕ್ಕೊಮ್ಮೆ ಲೆಕ್ಕ ಮಾಡುವ ಮಿಸ್ತ್ರಿಗೂ ಇದಿಲ್ಲದೆ ಕೆಲಸ ಸಾಗುತ್ತಿರಲಿಲ್ಲ. ಈ ಪದ್ಧತಿಯನ್ನು ಕೇವಲ ಕೊಂಡಾಡುವುದು ಸರಿಯಲ್ಲ. ಗಿರಾಕಿಯನ್ನು ಕಳುಹಿಸಿಕೊಟ್ಟ ಮಿಸ್ತ್ರಿಗೆ ಅಂಗಡಿಯಿಂದ ಸಲ್ಲುತ್ತಿದ್ದ ಕಮಿಷನ್ನು ಕೊನೆಗೆ ಗಿರಾಕಿಯ ಜೇಬಿನಿಂದಲೇ ಬರುತ್ತಿದ್ದಿತು. ಬೆಲೆಯನ್ನು ಹೋಲಿಸಿ ನೋಡಲು ಆತನಿಗೆ ದಾರಿಯಿರಲಿಲ್ಲ.

ಕಮಲಾಪುರದ ಸ್ಥಿತಿ ಇದಕ್ಕಿಂತ ಬೇರೆ. ಕೆಂಪು ಬಾಳೆಗೆ ಹೆಸರಾದ ಈ ಊರು ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಮೇಲೆ, ನಗರಕ್ಕೆ ನಲವತ್ತು ಕಿಲೋಮೀಟರಿಗಿಂತ ತುಸು ಕಡಿಮೆ ದೂರದಲ್ಲಿದೆ. ಈಚೆಗೆ ಪ್ರತ್ಯೇಕ ತಾಲ್ಲೂಕಿನ ಕೇಂದ್ರವಾಗಿದ್ದರೂ ಇಂತಹ ಊರಿನ ಅಂಗಡಿಯಲ್ಲಿ ದೊರೆಯುವುದು ಎಣ್ಣೆ, ಫಿಲ್ಟರು, ಬಲ್ಬು, ಕ್ಲಚ್ ಕೇಬಲ್ ಮೊದಲಾದ ದಿನಬಳಕೆಯ ಸಾಮಾನು. ಗೇರ್‌ಬಾಕ್ಸಿನ ಬೇರಿಂಗು ಬೇಕೆಂದರೆ ನಗರವೇ ಗತಿ. ನಮೂನೆಯನ್ನು ಬಸ್ಸಿನಲ್ಲಿ ಕಳುಹಿಸುವುದು, ಫೋನು ಮಾಡುವುದು, ಹೊಸದು ಇನ್ನೊಂದು ಬಸ್ಸಿನಲ್ಲಿ ಬರುವುದು, ನಿಲ್ದಾಣದಲ್ಲಿ ಹುಡುಗನೊಬ್ಬನು ಕಾದಿದ್ದು ಪಡೆದುಕೊಳ್ಳುವುದು: ಇದು ಇಲ್ಲಿಯ ರೂಢಿ. ಸಾರಿಗೆ ನಿಗಮಗಳು 2021ರಲ್ಲಿ ‘ನಮ್ಮ ಕಾರ್ಗೋ’ ಎಂಬ ಹೆಸರಿನಲ್ಲಿ ಸರಕು ಸಾಗಣೆಯನ್ನು ಆರಂಭಿಸಿದಾಗ, ಜನ ಬಹುಕಾಲದಿಂದ ಕಂಡಕ್ಟರರ ಸೌಜನ್ಯದ ಮೇಲೆ ನಡೆಸುತ್ತಿದ್ದುದಕ್ಕೆ ರಸೀದಿ ಬಂದಿತೆಂದು ಹೇಳಬಹುದು. 2017ರ ಅಕ್ಟೋಬರಿನಲ್ಲಿ ಬೀದರ–ಕಲಬುರಗಿ ರೈಲುಹಾದಿ ತೆರೆದು ಕಮಲಾಪುರಕ್ಕೂ ರೈಲು ಬಂದಿತು. ಆದರೆ ಬಿಡಿಭಾಗವನ್ನು ಎದುರುನೋಡುವವನಿಗೆ ಬೇಕಾದುದು ಗಂಟೆಗಂಟೆಗೂ ಹೋಗುವ ಬಸ್ಸು.

ಬಸ್ಸಿನ ಈ ಗಂಟೆಗಳು ಕಮಲಾಪುರದಲ್ಲಿ ಏಕೆ ಮುಖ್ಯವೆಂಬುದು ನಗರದ ಕಾರುದಾರನಿಗೆ ಬೇಗ ತಿಳಿಯದು. ಆತನ ಕಾರು ನಾಲ್ಕು ದಿನ ನಿಂತರೆ ಆತನು ಆಟೊದಲ್ಲಿ ಕಚೇರಿಗೆ ಹೋಗುತ್ತಾನೆ. ಬಾಳೆಗೊನೆ ಸಾಗಿಸುವ ಸಣ್ಣ ಟೆಂಪೊ, ಜನರನ್ನು ಒಯ್ಯುವ ಟಂಟಂ ನಾಲ್ಕು ದಿನ ನಿಂತರೆ ನಾಲ್ಕು ದಿನದ ಗಳಿಕೆ ಹೋಯಿತು. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಇನ್ನೂರು ರೂಪಾಯಿ ಅಗ್ಗವಾಗಿ ದೊರೆತ ಸಾಮಾನು ಇಂತಹವನಿಗೆ ಅಗ್ಗವೆ?

ಅಂಗಡಿಯ ನೆಲೆ ಅಲುಗಾಡಿದುದು ಅಂತರ್ಜಾಲದಿಂದಲ್ಲ. ಅದಕ್ಕಿಂತ ಬಹು ಮೊದಲು. 1983ರ ಡಿಸೆಂಬರಿನಲ್ಲಿ ಮಾರುತಿ 800 ಹೊರಬಂದಿತು. 1993ರಲ್ಲಿ ಕಾರು ತಯಾರಿಕೆಗೆ ಪರವಾನಗಿಯ ಕಟ್ಟು ಹೋಯಿತು. ನಾಲ್ಕಾರು ಮಾದರಿಗಳಿದ್ದಲ್ಲಿ ನೂರಾರು ಮಾದರಿಗಳಾದವು. ಒಂದೇ ಮಾದರಿಯಲ್ಲಿ ಪೆಟ್ರೋಲು, ಡೀಸೆಲು, ವರ್ಷಕ್ಕೊಂದು ತಿದ್ದುಪಡಿ. ಒಂದು ಕೋಣೆಗೂ ಒಬ್ಬನ ನೆನಪಿಗೂ ಅವು ಒಗ್ಗಲಿಲ್ಲ. ಇದರ ಜೊತೆಗೆ ಹಲವು ಕಾರು ಕಂಪನಿಗಳು ತಮ್ಮ ಅಸಲು ಬಿಡಿಭಾಗಗಳನ್ನು ಅಧಿಕೃತ ಮಾರಾಟಗಾರರಿಗಲ್ಲದೆ ಹೊರಗಿನವರಿಗೆ ಕೊಡದೆ ಉಳಿಸಿಕೊಂಡವು. ಈ ವಿಷಯದಲ್ಲಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು ಕೊಟ್ಟ ತೀರ್ಪು ನಮ್ಮ ವಿದ್ಯಾರ್ಥಿಗಳು ಓದಲೇಬೇಕಾದ ದಾಖಲೆ. ಹದಿನಾಲ್ಕು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿ, ಬಿಡಿಭಾಗಗಳನ್ನೂ ದುರಸ್ತಿಯ ತಾಂತ್ರಿಕ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ದೊರಕಿಸಬೇಕೆಂದು ಆಯೋಗ ಹೇಳಿತು. ದಂಡದ ಬಗೆಗೆ ಮೇಲ್ಮನವಿಗಳು ನಡೆದವು. ಅದು ಬೇರೆ ಕಥೆ. ಬೀದಿಯ ಅಂಗಡಿಯ ನಿಜವಾದ ಎದುರಾಳಿ ಯಾರಾಗಿದ್ದರೆಂಬುದಕ್ಕೆ ಈ ತೀರ್ಪಿಗಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಅಂತರ್ಜಾಲದ ಅಂಗಡಿಗಳು ಪ್ರವೇಶಿಸಿದುದು ಈ ತೆರಪಿನಲ್ಲಿ. ಅವು ಕೊಂಡವನಿಗೆ ಕೊಟ್ಟುದು ಕಡಮೆಯೇನಲ್ಲ. ಬೆಲೆ ಎಲ್ಲರಿಗೂ ಕಾಣುವಂತಾಯಿತು. ದೆಹಲಿಯ ಕಾಶ್ಮೀರಿ ಗೇಟಿನ ದಾಸ್ತಾನು ಕಮಲಾಪುರದವನಿಗೂ ಎಟುಕುವಂತಾಯಿತು. ತಯಾರಿಕೆ ನಿಂತುಹೋದ ಕಾರುಗಳಿಗೆ ಇದರಿಂದ ಆಯುಷ್ಯ ಬೆಳೆಯಿತು. 2020ರ ಗ್ರಾಹಕ ರಕ್ಷಣಾ (ಇ-ವಾಣಿಜ್ಯ) ನಿಯಮಗಳು ವಸ್ತು ತಯಾರಾದ ದೇಶ, ಹಿಂತಿರುಗಿಸುವ ಷರತ್ತು, ದೂರು ಕೇಳುವ ಅಧಿಕಾರಿ ಇವುಗಳ ವಿವರ ಕೊಡಬೇಕೆಂದು ವಿಧಿಸಿದವು. ಯಾವ ಬೀದಿಯ ಅಂಗಡಿಯೂ ಇಷ್ಟನ್ನು ಬರೆದು ತೂಗುಹಾಕಿದುದನ್ನು ನಾನು ಕಂಡಿಲ್ಲ.

ಆದರೆ ಒಂದು ಹೊರೆ ಸದ್ದಿಲ್ಲದೆ ಹೆಗಲು ಬದಲಿಸಿತು. ಯಾವ ಭಾಗ ಯಾವ ಗಾಡಿಗೆ ಹೊಂದುತ್ತದೆಂದು ಗುರುತಿಸುವುದು ಮೊದಲು ಮಾರುವವನ ಕೆಲಸ, ಈಗ ಕೊಳ್ಳುವವನ ಕೆಲಸ. ಈ ಲೇಖಕನು ಒಮ್ಮೆ ತನ್ನ ಕಾರಿಗೆ ಬ್ರೇಕ್ ಪ್ಯಾಡುಗಳನ್ನು ಹೀಗೆ ತರಿಸಿದನು. ಮಾದರಿ ಸರಿ, ವರ್ಷ ಸರಿ; ಆದರೆ ಅದೇ ವರ್ಷ ಅದೇ ಮಾದರಿಗೆ ಇಬ್ಬರು ತಯಾರಕರ ಬ್ರೇಕುಗಳನ್ನು ಹಾಕಿದ್ದರೆಂಬುದು ತಿಳಿದಿರಲಿಲ್ಲ. ಹುಮನಾಬಾದ್ ರಸ್ತೆಯ ಗ್ಯಾರೇಜಿನ ಮಿಸ್ತ್ರಿ ಪೊಟ್ಟಣ ಬಿಚ್ಚಿದ ಕೂಡಲೇ, “ಇದು ಬ್ಯಾರೇದ್ ಅದ ರೀ ಸರ, ಹಳೇದ್ ತೋರ್ಸಿ ತರಬೇಕಿತ್ತು” ಎಂದನು. ಹಿಂತಿರುಗಿಸಿ ಬೇರೆಯದು ಬರುವಷ್ಟರಲ್ಲಿ ಎರಡು ವಾರ ಕಳೆದವು. ಹಣವೇನೋ ಪೂರ್ತಿ ಮರಳಿತು. ಗಾಡಿಯೇ ಜೀವನಾಧಾರವಾದವನಿಗೆ ಆ ಎರಡು ವಾರಗಳನ್ನು ಯಾವ ನಿಯಮ ಮರಳಿಸುತ್ತದೆ? ಹದಿನೇಳು ಅಕ್ಷರಗಳ ಚಾಸಿ ಸಂಖ್ಯೆಯನ್ನು ಕೊಟ್ಟು ಕಂಪನಿಯ ಪಟ್ಟಿಯಲ್ಲಿ ಹುಡುಕಿದ್ದರೆ ಈ ತಪ್ಪು ಆಗುತ್ತಿರಲಿಲ್ಲವೆಂಬುದು ನಿಜ. ಹಾಗೆ ಹುಡುಕಬೇಕೆಂದು ತಿಳಿದವರು ಎಷ್ಟು ಮಂದಿ ಎಂಬುದೇ ಪ್ರಶ್ನೆ.

ಚರಿತ್ರೆಯ ವಿದ್ಯಾರ್ಥಿಗಳಲ್ಲಿ ಒಂದು ವಿಜ್ಞಾಪನೆ. ಯಾರು ಯಾವ ವರ್ಷ ಯಾವ ಗಾಡಿಯನ್ನು ಇಟ್ಟಿದ್ದರು, ಯಾವ ಸುಗ್ಗಿಯಲ್ಲಿ ಸಾಲ ತೀರಿತು, ಯಾವ ಬರದಲ್ಲಿ ತೀರಲಿಲ್ಲ ಎಂಬುದೆಲ್ಲ ಹಳೆಯ ಅಂಗಡಿಗಳ ಖಾತೆವಹಿಗಳಲ್ಲಿ ಅಡಗಿದೆ. ಅಂಗಡಿ ಮುಚ್ಚಿದಾಗ ಮೊದಲು ರದ್ದಿಗೆ ಹೋಗುವುದು ಈ ವಹಿಗಳೇ. ಕಪನೂರ ಕೈಗಾರಿಕಾ ಪ್ರದೇಶದ ಸುತ್ತಮುತ್ತ, ನೆಹರು ಗಂಜಿನ ಆಸುಪಾಸು ತಮ್ಮ ಬಿಡುವಿನ ದಿನಗಳಲ್ಲಿ ವಿದ್ಯಾರ್ಥಿಗಳು ವಿಚಾರಿಸಿದರೆ ಉಪಯುಕ್ತ ಸಾಮಗ್ರಿ ದೊರೆತೀತು.

ಈ ನಡುವೆ ಎರಡು ಪದ್ಧತಿಗಳೂ ಬೆರೆಯುತ್ತಿವೆ. ಕಮಲಾಪುರದ ಮಿಸ್ತ್ರಿ ಮುರಿದ ಭಾಗದ ಮತ್ತು ಚಾಸಿ ಸಂಖ್ಯೆಯ ಚಿತ್ರಗಳನ್ನು ಮೊಬೈಲಿನಲ್ಲಿ ನಗರದ ಅಂಗಡಿಗೆ ಕಳುಹಿಸುತ್ತಾನೆ. ಅಂಗಡಿಯವರು ಸಂಖ್ಯೆಯನ್ನು ಹುಡುಕಿ, ತಮ್ಮಲ್ಲಿ ಇಲ್ಲದಿದ್ದರೆ ಅಂತರ್ಜಾಲದಲ್ಲಿ ತಾವೇ ತರಿಸುತ್ತಾರೆ. ತಪ್ಪಾದರೆ ಹಿಂತಿರುಗಿಸುವ ತೊಂದರೆ ಅವರದು, ಉದ್ರಿಯ ಲೆಕ್ಕವೂ ಅವರ ವಹಿಯಲ್ಲಿಯೇ. ಮುಂಬಯಿಯಿಂದ ವಿ.ಪಿ.ಯಲ್ಲಿ ಸಾಮಾನು ತರಿಸಿಕೊಡುತ್ತಿದ್ದ ಮಧ್ಯವರ್ತಿ ಮಾಡುತ್ತಿದ್ದುದೂ ಇದನ್ನೇ. ಪೊಟ್ಟಣ ಕಲಬುರಗಿಗೆ ಬಂದ ದಿನ ಅದನ್ನು ಹುಮನಾಬಾದಿನ ಬಸ್ಸಿಗೆ ಹಾಕಿ, ಬಸ್ಸಿನ ನಂಬರನ್ನು ಫೋನಿನಲ್ಲಿ ಹೇಳುತ್ತಾರೆ.