ಬೆಂಗಳೂರಿನಲ್ಲಿ ವಾಸ್ತವ್ಯ: ಶ್ರಾವಕರಿಗೆ ಯಾವ ಬಡಾವಣೆ ಅನುಕೂಲ?

ನಲ್ಲೂರು, ಚನ್ನಗಿರಿ, ಹೊನ್ನಾಳಿ ಕಡೆಯಿಂದ ಚಿಕಿತ್ಸೆ, ವ್ಯಾಪಾರ ಅಥವಾ ಮಕ್ಕಳ ಓದಿನ ಕೆಲಸಕ್ಕೆ ಬೆಂಗಳೂರಿಗೆ ಬರುವವರು ಸಾಮಾನ್ಯವಾಗಿ ಬಾಡಿಗೆ ನೋಡಿ ಕೊಠಡಿ ಹಿಡಿಯುತ್ತಾರೆ. ಆದರೆ ಜಿನದರ್ಶನದ ನಂತರವೇ ಆಹಾರ, ಸೂರ್ಯಾಸ್ತಕ್ಕೆ ಮೊದಲೇ ಊಟ ಎಂಬ ನಿಯಮ ಪಾಲಿಸುವವರಿಗೆ ಬಾಡಿಗೆಗಿಂತ ದೂರವೇ ಮುಖ್ಯ. ಬಸದಿ ಮತ್ತು ಊಟದ ಸ್ಥಳ ಎರಡೂ ನಡೆದು ಹೋಗುವಷ್ಟು ಹತ್ತಿರವಿರಬೇಕು.

ಬೆಂಗಳೂರಿನಲ್ಲಿ ಜುಲೈ ಆರಂಭದಲ್ಲಿ ಸೂರ್ಯಾಸ್ತ ಸಂಜೆ ಸುಮಾರು 6.50ಕ್ಕೆ, ನವೆಂಬರ್ ಮಧ್ಯದಲ್ಲಿ ಸುಮಾರು 5.50ಕ್ಕೇ. ಚಳಿಗಾಲದಲ್ಲಿ ಐದು ಗಂಟೆಗೆ ಕೆಲಸ ಮುಗಿಸಿ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡರೆ ಅಂದಿನ ಊಟ ತಪ್ಪುತ್ತದೆ.

ಮೆಜೆಸ್ಟಿಕ್, ಗಾಂಧಿನಗರ: ಬಸ್ ಮತ್ತು ರೈಲು ನಿಲ್ದಾಣಗಳು ಪಕ್ಕದಲ್ಲೇ ಇವೆ. ಒಂದು ರಾತ್ರಿಯ ತಂಗುವಿಕೆಗೆ ಅನುಕೂಲ; ಗದ್ದಲ ಹೆಚ್ಚು.

ಚಿಕ್ಕಪೇಟೆ: ಸಗಟು ವ್ಯಾಪಾರಕ್ಕೆ ಬಂದವರಿಗೆ ಸೂಕ್ತ. ಆದಿನಾಥ ಶ್ವೇತಾಂಬರ ಮಂದಿರ ಇಲ್ಲಿದೆ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗಳಿಲ್ಲದ ಊಟ ಕೇಳಿದರೆ ಇಲ್ಲಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಬೀದಿಗಳು ಕಿರಿದು, ವಯಸ್ಸಾದವರಿಗೆ ಓಡಾಟ ಕಷ್ಟ.

ವಿಶ್ವೇಶ್ವರಪುರಂ, ಬಸವನಗುಡಿ: ಕರ್ನಾಟಕ ಜೈನ ಭವನ ಕೆ.ಆರ್. ರಸ್ತೆಯಲ್ಲಿದೆ. ಕುಟುಂಬದೊಂದಿಗೆ ಎರಡು ಮೂರು ದಿನ ಉಳಿಯುವವರಿಗೆ ಈ ಭಾಗ ಹೆಚ್ಚು ಹೊಂದುತ್ತದೆ. ಹೆಸರಾಂತ ತಿಂಡಿ ಬೀದಿ ಇಲ್ಲೇ ಇದ್ದರೂ ಅದು ರಂಗೇರುವುದು ಕತ್ತಲಾದ ಮೇಲೆ. ಅದನ್ನು ನಂಬಿ ಊಟದ ಲೆಕ್ಕ ಹಾಕಬಾರದು.

ಜಯನಗರ: ಕಿದ್ವಾಯಿ, ನಿಮ್ಹಾನ್ಸ್ ಆಸ್ಪತ್ರೆಗಳಿಗೆ ಬಂದವರಿಗೆ ಹತ್ತಿರ. ಚಿಕಿತ್ಸೆ ಹಲವು ದಿನ ಹಿಡಿಯುವುದಾದರೆ ಅಡುಗೆಮನೆ ಇರುವ ಕೊಠಡಿ ಹುಡುಕುವುದು ಒಳ್ಳೆಯದು. ನೀರು ಸೋಸಿಕೊಳ್ಳುವುದಕ್ಕೂ ಪಥ್ಯಕ್ಕೂ ಅದೇ ಅನುಕೂಲ.

ಈ ನಾಲ್ಕೂ ಭಾಗಗಳನ್ನು ಮೆಟ್ರೋದ ಹಸಿರು ಮಾರ್ಗ ಜೋಡಿಸುತ್ತದೆ. ಯಶವಂತಪುರದಲ್ಲಿ ರೈಲಿನಿಂದ ಇಳಿದವರೂ ಇದೇ ಮಾರ್ಗ ಹಿಡಿಯಬಹುದು.

ಕೊಠಡಿ ಕಾಯ್ದಿರಿಸುವ ಮೊದಲು ಮೂರು ವಿಷಯ ಫೋನಿನಲ್ಲೇ ಕೇಳಬೇಕು: ಹತ್ತಿರದ ಮಂದಿರ ದಿಗಂಬರವೋ ಶ್ವೇತಾಂಬರವೋ, ಬೆಳಿಗ್ಗೆ ಎಷ್ಟು ಹೊತ್ತಿಗೆ ಬಾಗಿಲು ತೆರೆಯುತ್ತದೆ, ಸಂಜೆಯ ಊಟ ಎಷ್ಟು ಗಂಟೆಗೆ ಸಿದ್ಧವಾಗುತ್ತದೆ. "ಜೈನ ಮಂದಿರ ಪಕ್ಕದಲ್ಲೇ ಇದೆ" ಎಂಬ ಉತ್ತರವಷ್ಟೇ ಸಾಲದು. ಚಾತುರ್ಮಾಸದಲ್ಲಿ, ವಿಶೇಷವಾಗಿ ಭಾದ್ರಪದದ ಪರ್ವದ ದಿನಗಳಲ್ಲಿ, ಸಮಾಜದ ವಸತಿಗೃಹಗಳು ಬೇಗ ತುಂಬುವುದರಿಂದ ಮುಂಚಿತವಾಗಿ ವಿಚಾರಿಸುವುದು ಕ್ಷೇಮ.