ಪುಸ್ತಕದ ಬದನೆಕಾಯಿ, ಡರ್ಬನ್ನಿನ ಬದನೆಕಾಯಿ

1928ರಲ್ಲಿ ಜರ್ಮನಿಯ ಭೌತವಿಜ್ಞಾನಿ ಆರ್ನಾಲ್ಡ್ ಸೊಮರ್‌ಫೆಲ್ಡ್ ಮದರಾಸಿಗೆ ಬಂದಿದ್ದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎಸ್ಸಿ. ಆನರ್ಸ್ ಓದುತ್ತಿದ್ದ ಹುಡುಗನೊಬ್ಬ ಅವರು ಇಳಿದುಕೊಂಡಿದ್ದ ಹೋಟೆಲಿಗೇ ಹೋಗಿ ಕಂಡ. ಅವರ ಗ್ರಂಥವನ್ನು ಅರೆದು ಕುಡಿದವನು. ಅದರಲ್ಲಿರುವ ಭೌತವಿಜ್ಞಾನ ಆಗಲೇ ಹಳತಾಗಿದೆ ಎಂದು ಸೊಮರ್‌ಫೆಲ್ಡ್ ಹೇಳಿದರು, ಇನ್ನೂ ಅಚ್ಚಾಗದ ತಮ್ಮ ಲೇಖನದ ಕರಡಚ್ಚನ್ನು ಅವನ ಕೈಗಿತ್ತರು. ಮರುವರ್ಷ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಆ ವಿದ್ಯಾರ್ಥಿಯದೇ ಲೇಖನ ಪ್ರಕಟವಾಯಿತು. ಅವನೇ ಸುಬ್ರಹ್ಮಣ್ಯನ್ ಚಂದ್ರಶೇಖರ್. 1983ರಲ್ಲಿ ನೊಬೆಲ್ ಬಂತು.

ಕಥೆ ಚೆಂದ. ಆದರೆ ಆ ಹುಡುಗನ ಚಿಕ್ಕಪ್ಪ ಸಿ.ವಿ. ರಾಮನ್ ಎಂಬುದನ್ನು ಮರೆಯಬಾರದು. ಅದೇ ತರಗತಿಯಲ್ಲಿ ಕೂತಿದ್ದ ಉಳಿದವರಿಗೆ ಪ್ರಯೋಗಾಲಯವೆಂದರೆ ಉತ್ತರ ಮೊದಲೇ ಗೊತ್ತಿರುವ ಪ್ರಯೋಗ, ರೆಕಾರ್ಡ್ ಬುಕ್ಕು, ಸಹಿ. ಪದವಿ ವಿದ್ಯಾರ್ಥಿಯ ಸಂಶೋಧನೆ ಎಂಬ ಕ್ಷೇತ್ರದ ಇತಿಹಾಸವನ್ನು, ಆ ಉಳಿದವರಿಗೂ ಬಾಗಿಲು ತೆರೆಯಲು ನಡೆದ ಯತ್ನಗಳ ಇತಿಹಾಸವೆಂದೇ ಓದಬೇಕು.

ಮೊದಲ ದೊಡ್ಡ ತಳ್ಳು ಕೊಟ್ಟವರು ಡಿಗ್ರಿ ಮುಗಿಸದೆ ಹಾರ್ವರ್ಡ್ ಬಿಟ್ಟ ಎಡ್ವಿನ್ ಲ್ಯಾಂಡ್, ಪೊಲರಾಯ್ಡ್ ಕ್ಯಾಮೆರಾದ ಜನಕ. 1957ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮಾಡಿದ ಭಾಷಣದಲ್ಲಿ ಅವರು, ಮೊದಲ ವರ್ಷಕ್ಕೆ ಕಾಲಿಟ್ಟ ಪ್ರತಿ ವಿದ್ಯಾರ್ಥಿಗೂ ಸ್ವಂತದ್ದೊಂದು ಸಂಶೋಧನೆ, ಜೊತೆಗೊಬ್ಬ ಮಾರ್ಗದರ್ಶಕ ಇರಬೇಕೆಂದರು. ಭಾಷಣಗಳಿಗೆ ಆಗುವ ಗತಿಯೇ ಇದಕ್ಕೂ ಆಯಿತು. ಹನ್ನೆರಡು ವರ್ಷ ಹೆಚ್ಚೇನೂ ನಡೆಯಲಿಲ್ಲ. 1969ರಲ್ಲಿ, ಇನ್ನೂ ಮೂವತ್ತು ತುಂಬದ ಭೌತವಿಜ್ಞಾನಿ ಮಾರ್ಗರೆಟ್ ಮ್ಯಾಕ್‌ವಿಕರ್ ಲ್ಯಾಂಡ್ ಕೊಟ್ಟ ಹಣದಿಂದಲೇ ‘ಯೂರಾಪ್’ ಎಂಬ ಕಾರ್ಯಕ್ರಮ ಆರಂಭಿಸಿದರು. ವಿದ್ಯಾರ್ಥಿಗೆಂದು ಪುಟ್ಟ ಆಟಿಕೆ ಪ್ರಾಜೆಕ್ಟ್ ಹೊಂದಿಸಿಕೊಡದೆ, ಪ್ರಾಧ್ಯಾಪಕರು ನಡೆಸುತ್ತಿರುವ ನಿಜವಾದ ಸಂಶೋಧನೆಗೇ ಅವರನ್ನು ಸೇರಿಸಿಕೊಂಡದ್ದು ಅದರ ಗುಟ್ಟು. ಕೆಲಸಕ್ಕೆ ಅಂಕವಾದರೂ ಉಂಟು, ಸಂಬಳವಾದರೂ ಉಂಟು. ಈ ಸಂಬಳದ ಮಾತು ಸಣ್ಣದಲ್ಲ. ಫೀಸು ಹೊಂದಿಸಲು ಹೋಟೆಲಿನಲ್ಲಿ ದುಡಿಯಬೇಕಾದ ವಿದ್ಯಾರ್ಥಿ, ಹಣ ಸಿಗದಿದ್ದರೆ ಪ್ರಯೋಗಾಲಯದ ಕಡೆ ತಲೆ ಹಾಕುವುದಿಲ್ಲ.

ಅದೇ ಹೊತ್ತಿಗೆ ಬೇರೆ ಕಡೆಗಳಲ್ಲೂ ಗಾಳಿ ಬೀಸುತ್ತಿತ್ತು. ಆರೆಗಾನ್ ರಾಜ್ಯದ ರೀಡ್ ಕಾಲೇಜಿನಲ್ಲಿ 1968ರಿಂದ ಒಂದು ಪುಟ್ಟ ಪರಮಾಣು ರಿಯಾಕ್ಟರ್ ಇದೆ. ಅದನ್ನು ನಡೆಸುವವರು ಬಹುಪಾಲು ಪದವಿ ವಿದ್ಯಾರ್ಥಿಗಳೇ. ಸರ್ಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದವರು ಯಾರು ಬೇಕಾದರೂ ನಿಯಂತ್ರಣ ಫಲಕದ ಮುಂದೆ ಕೂರಬಹುದು, ಸಾಹಿತ್ಯದ ವಿದ್ಯಾರ್ಥಿಯೂ! ವೂಸ್ಟರ್ ಪಾಲಿಟೆಕ್ನಿಕ್ 1970ರಲ್ಲಿ ಪಠ್ಯಕ್ರಮವನ್ನೇ ಪ್ರಾಜೆಕ್ಟ್‌ಗಳ ಸುತ್ತ ಕಟ್ಟಿತು. ಸಣ್ಣ ಕಾಲೇಜುಗಳ ರಸಾಯನ ವಿಜ್ಞಾನಿಗಳು 1978ರಲ್ಲಿ ಪದವಿ ವಿದ್ಯಾರ್ಥಿಗಳ ಸಂಶೋಧನೆಗಾಗಿಯೇ ಒಂದು ರಾಷ್ಟ್ರೀಯ ಪರಿಷತ್ತು ಸ್ಥಾಪಿಸಿದರು. ಅಮೆರಿಕದ ಪದವಿ ಶಿಕ್ಷಣವನ್ನು ಪರಿಶೀಲಿಸಿದ ಬೋಯರ್ ಆಯೋಗದ 1998ರ ವರದಿ, ಹೆಸರಾಂತ ಪ್ರಾಧ್ಯಾಪಕರನ್ನು ತೋರಿಸಿ ವಿದ್ಯಾರ್ಥಿಗಳನ್ನು ಸೆಳೆಯುವ ವಿಶ್ವವಿದ್ಯಾಲಯಗಳು ಅವರ ಹತ್ತಿರಕ್ಕೂ ಬಿಡದೆ ಡಿಗ್ರಿ ಕೊಟ್ಟು ಕಳಿಸುತ್ತಿವೆ ಎಂದು ಕಿವಿ ಹಿಂಡಿತು.

ಆದರೂ ಒಂದು ತೊಡಕು ಉಳಿದಿತ್ತು. ಒಬ್ಬ ಪ್ರಾಧ್ಯಾಪಕರು ಎಷ್ಟು ಮಂದಿಯನ್ನು ಬೆನ್ನಿಗೆ ಕಟ್ಟಿಕೊಳ್ಳಲು ಸಾಧ್ಯ? ನಾಲ್ಕೈದು. ಉಳಿದ ನೂರಾರು ಮಂದಿ ಹೊರಗೇ. ತರಗತಿಯ ಪ್ರಾಕ್ಟಿಕಲ್ಲನ್ನೇ ಸಂಶೋಧನೆಯಾಗಿ ಬದಲಿಸಿದರೆ ಈ ಗಂಟು ಬಿಡಿಸಬಹುದು ಎಂಬ ಯೋಚನೆ ಬಲಿತದ್ದು ಹೊಸ ಶತಮಾನದಲ್ಲಿ.

ಇದಕ್ಕೆ ಅತ್ಯುತ್ತಮ ಮಾದರಿ, ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ಮತ್ತು ಹೋವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆ ಸೇರಿ 2008ರಲ್ಲಿ ಆರಂಭಿಸಿದ ಫೇಜ್ ಬೇಟೆಯ ಕೋರ್ಸು. ಫೇಜ್ ಎಂದರೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್. ಮೊದಲ ವರ್ಷದ ವಿದ್ಯಾರ್ಥಿ ಅಂಗಳದ ಒಂದು ಚಮಚ ಮಣ್ಣು ತರುತ್ತಾನೆ, ಕದಡಿ ಸೋಸಿ ಬ್ಯಾಕ್ಟೀರಿಯಾ ಬೆಳೆದ ತಟ್ಟೆಗೆ ಸುರಿಯುತ್ತಾನೆ. ಫೇಜ್ ಇದ್ದಲ್ಲಿ ಪಾರದರ್ಶಕ ಚುಕ್ಕೆ ಮೂಡುತ್ತದೆ. ಅದನ್ನು ಬೇರ್ಪಡಿಸಿ, ಡಿಎನ್‌ಎ ಓದಿ, ಹೆಸರಿಡುವುದೂ ಅವನೇ. ಸಿಕ್ಕ ಫೇಜ್ ಬಹುತೇಕ ಜಗತ್ತಿಗೇ ಹೊಸದು. ಉತ್ತರ ಮೇಷ್ಟರಿಗೂ ಗೊತ್ತಿಲ್ಲ. ನೂರಕ್ಕೂ ಹೆಚ್ಚು ಕಾಲೇಜುಗಳಲ್ಲಿ ಇದು ನಡೆಯುತ್ತಿದೆ.

ಈ ಜಾಲದ ನಂಟಿದ್ದ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ, ಕೊಳೆತ ಬದನೆಕಾಯಿಯೊಂದರ ಅಡಿಭಾಗದಿಂದ 2010ರಲ್ಲಿ ವಿದ್ಯಾರ್ಥಿನಿಯೊಬ್ಬಳು ತೆಗೆದ ಫೇಜ್‌ಗೆ ‘ಮಡ್ಡಿ’ ಎಂದು ಹೆಸರಾಯಿತು. ಅದು ವರ್ಷಗಟ್ಟಲೆ ಫ್ರೀಜರಿನಲ್ಲಿ ಮಲಗಿತ್ತು. ಲಂಡನ್ನಿನಲ್ಲಿ ಶ್ವಾಸಕೋಶ ಕಸಿಯ ನಂತರ ಯಾವ ಆಂಟಿಬಯೋಟಿಕ್‌ಗೂ ಬಗ್ಗದ ಸೋಂಕಿನಿಂದ ಹದಿನೈದರ ಹುಡುಗಿಯೊಬ್ಬಳು ಸಾವಿನ ಅಂಚಿಗೆ ಬಂದಿದ್ದಳು. ಆಗ ವೈದ್ಯರು ಹ್ಯಾಟ್‌ಫುಲ್ ಅವರ ಸಂಗ್ರಹದ ಕದ ತಟ್ಟಿದರು. ಆಯ್ದದ್ದು ಮೂರು ಫೇಜ್‌ಗಳು. ಎರಡರ ಜೀನ್‌ಗಳನ್ನು ತಿದ್ದಬೇಕಾಯಿತು, ಮಡ್ಡಿಯನ್ನು ಮಾತ್ರ ಇದ್ದ ಹಾಗೆಯೇ ಬಳಸಿದರು. ಹುಡುಗಿಯ ಸ್ಥಿತಿ ಸಾಕಷ್ಟು ಸುಧಾರಿಸಿತು, ವರದಿ 2019ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಬಂತು. ಪುಸ್ತಕದ ಬದನೆಕಾಯಿಯಿಂದ ಇಂಥ ಸಾರು ಆಗುತ್ತಿರಲಿಲ್ಲ.

ಎಲ್ಲ ತರಗತಿಯಿಂದಲೂ ಇಂಥ ಪವಾಡ ಬಾರದು, ನಿಜ. ಲಾಭ ಬೇರೆ ಕಡೆ ಇದೆ. ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯ 2005ರಲ್ಲಿ ಮೊದಲ ವರ್ಷದವರಿಗೇ ಸಂಶೋಧನಾ ಕೋರ್ಸು ಆರಂಭಿಸಿತ್ತು. ಅದರ ಮೂರೂ ಸೆಮಿಸ್ಟರ್ ಮುಗಿಸಿದವರಲ್ಲಿ ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಡಿಗ್ರಿಯನ್ನೇ ಪಡೆಯುವವರು ಶೇ 94, ಅವರಂಥದೇ ಹಿನ್ನೆಲೆಯ ಇತರರಲ್ಲಿ ಶೇ 71 ಎಂದು 2016ರ ಅಧ್ಯಯನವೊಂದು ಲೆಕ್ಕ ಹಾಕಿತು.

ನಮ್ಮಲ್ಲಿ? ಭಾರತ ಹಿಡಿದದ್ದು ಹೆಚ್ಚಾಗಿ ಜಾಣರನ್ನು ಆರಿಸುವ ದಾರಿ. 1999ರಲ್ಲಿ ಬಂದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ ಕಠಿಣ ಪರೀಕ್ಷೆಯ ಮೂಲಕ ಆರಿಸಿತು. ಎರಡು ದಶಕದ ನಂತರ ಅದು ‘ಇನ್‌ಸ್ಪೈರ್’ ಎಂಬ ಇನ್ನೊಂದು ಯೋಜನೆಯಲ್ಲಿ ವಿಲೀನವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ಸಂಶೋಧನಾ ಪದವಿ ತೆರೆಯಿತು; ಸೊಗಸಾದ ಕೋರ್ಸು, ಬೆರಳೆಣಿಕೆಯ ಸೀಟು. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಎರಡು ತಿಂಗಳ ಮಟ್ಟಿಗೆ ಜಿಲ್ಲಾ ಕೇಂದ್ರದ ಕಾಲೇಜಿನವರನ್ನೂ ದೊಡ್ಡ ಪ್ರಯೋಗಾಲಯಕ್ಕೆ ಕರೆತರುತ್ತದೆ.

ಕೈಗೆ ಕೆಲಸ ಕೊಟ್ಟ ಉದಾಹರಣೆಗಳೂ ಇವೆ. ಬೆಂಗಳೂರು, ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ, ಒಂದು ಕಿಲೋಗಿಂತ ಕಡಿಮೆ ತೂಕದ ‘ಸ್ಟಡ್‌ಸ್ಯಾಟ್’ ಉಪಗ್ರಹ 2010ರ ಜುಲೈ 12ರಂದು ಪಿಎಸ್‌ಎಲ್‌ವಿಯಲ್ಲಿ ಹಾರಿತು. ಅದರ ಭೂಕೇಂದ್ರ ಯಲಹಂಕದ ಕಾಲೇಜಿನಲ್ಲೇ ಇತ್ತು. ಹೆಚ್ಚು ಸದ್ದಿಲ್ಲದ ಕೆಲಸ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯದು. ನಾಲ್ಕು ದಶಕಗಳಿಂದ ಅದು ಮುಖ್ಯವಾಗಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಅಂತಿಮ ವರ್ಷದ ಪ್ರಾಜೆಕ್ಟ್‌ಗಳಿಗೆ ಕೆಲವು ಸಾವಿರ ರೂಪಾಯಿ ಕೊಟ್ಟು, ಪ್ರದರ್ಶನ ಏರ್ಪಡಿಸಿ ಬೆನ್ನು ತಟ್ಟುತ್ತಿದೆ. ಇನ್ನೊಂದು ಕಡೆ ಅದೇ ಬೆಂಗಳೂರಿನಲ್ಲಿ ರಿಪೋರ್ಟ್ ಸಮೇತ ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿಗಳೂ ನಡೆಯುತ್ತಿವೆ.

ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕನೆಯ ವರ್ಷದಲ್ಲಿ ಸಂಶೋಧನೆ ಬಂದಾಗ 2021ರಲ್ಲಿ ಮೊದಲು ಜಾರಿ ಮಾಡಿದ ರಾಜ್ಯ ಕರ್ನಾಟಕ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ನಾಲ್ಕು ವರ್ಷದ ಪರ, ವಿರೋಧ ಎರಡೂ ಕಡೆಯವರು ವರ್ಷದ ಲೆಕ್ಕದಲ್ಲೇ ಜಗಳವಾಡಿದರು. ಪ್ರಯೋಗಾಲಯ ಸಂಜೆ ಐದರ ಮೇಲೆ ತೆರೆದಿರುತ್ತದೆಯೇ, ಅತಿಥಿ ಉಪನ್ಯಾಸಕರಿಗೆ ವಿದ್ಯಾರ್ಥಿಯ ಪ್ರಾಜೆಕ್ಟ್ ನೋಡುವ ಪುರುಸೊತ್ತು ಉಂಟೇ ಎಂದು ಕೇಳಿದವರು ಕಡಿಮೆ. ಯುಜಿಸಿ ನಿಯಮದ ಪ್ರಕಾರ ನಾಲ್ಕನೆಯ ವರ್ಷದ ಸಂಶೋಧನೆಯೂ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ತೆಗೆದವರಿಗೇ ಮೀಸಲು. ಮತ್ತೆ ಅದೇ ಜರಡಿ.

ತಂತ್ರಜ್ಞಾನ ಮಂಡಳಿಯ ಆ ಪುಟ್ಟ ಅನುದಾನವನ್ನು ಸರ್ಕಾರಿ ಪದವಿ ಕಾಲೇಜುಗಳ ಬಿ.ಎಸ್ಸಿ., ಬಿ.ಎ. ತರಗತಿಗಳಿಗೂ ವಿಸ್ತರಿಸುವುದು ಸರ್ಕಾರ ಈಗ ಮಾಡಬಹುದಾದ ಕೆಲಸ. ಊರ ಕೆರೆಯ ನೀರು, ಹೊಲದ ಮಣ್ಣು, ಗ್ರಾಮ ಪಂಚಾಯಿತಿಯ ಹಳೆಯ ಕಡತ, ಯಾವುದೂ ಆದೀತು. ಅದಕ್ಕೆ ನಾಲ್ಕನೆಯ ವರ್ಷ ಬೇಕಿಲ್ಲ. ಫೇಜ್ ಹುಡುಕುವ ಕೋರ್ಸು ನಡೆಯುವುದೇ ಮೊದಲ ವರ್ಷದಲ್ಲಿ.